ಕನ್ನಡಕ ಬಿಡಬೇಕಂದ್ರ ಯಾವ ಆಪರೇಷನ್? ಮಾಡಿಸ್ಕೊಂಡೋರು ಹೇಳ್ರಿ

ಗಂಗಾವತಿಯಿಂದ:
ವಯಸ್ಸು 24, ಅಕ್ಕಿ ಮಿಲ್ಲಿನಾಗ ಲೆಕ್ಕ ಬರೀತೀನ್ರಿ. ಬಲಗಣ್ಣು ಮೈನಸ್ ಆರು, ಎಡಗಣ್ಣು ಐದೂವರೆ. ಒಂದ್ ಕಡೆ ಲಾಸಿಕ್ ಸಾಕು ಅಂದ್ರು, ಇನ್ನೊಂದ್ ಕಡೆ ಸ್ಮೈಲ್ ಮಾಡಿಸು ಅಂತ ಡಬಲ್ ರೇಟ್ ಹೇಳಿದ್ರು. ಗೆಳೆಯ ಐಸಿಎಲ್ ಅಂತಾನ. ಅಪ್ಪ ಮಾತ್ರ ಕಣ್ಣಿನ ಜೋಡಿ ಆಟ ಬ್ಯಾಡ ಅಂತ ಕುಂತಾರ.

ರಾಯಚೂರಿನಿಂದ:
ತಮ್ಮಾ, ನಂದು ಪಿಆರ್‌ಕೆ. ನಿನ್ನ ಪಟ್ಟಿಯೊಳಗ ಅದು ಇಲ್ಲೇ ಇಲ್ಲ. ನನ್ನ ಪವರ್ ಮೈನಸ್ ನಾಲ್ಕಿತ್ತು, ಕಾರ್ನಿಯಾ, ಅಂದ್ರ ಕಣ್ಣಿನ ಮುಂದಿನ ಗಾಜಿನಂಥ ಭಾಗ, 488 ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಒಂದು ಮೈಕ್ರಾನ್), ತೆಳ್ಳಗದ ಅಂತ ಲಾಸಿಕ್ ಬ್ಯಾಡ ಅಂದ್ರು. ಲಾಸಿಕ್ಕಿನಾಗ ಕಾರ್ನಿಯಾದ ಮ್ಯಾಲಿನ ಪದರ ಪುಸ್ತಕದ ರಟ್ಟಿನಂಗ ಎತ್ತಿ, ಕೆಳಗ ಲೇಸರ್ ಹೊಡದು, ಮತ್ತ ಮುಚ್ಚತಾರ. ಪಿಆರ್‌ಕೆದಾಗ ಎತ್ತೂದಿಲ್ಲ, ಮ್ಯಾಲಿನ ತೆಳು ಚರ್ಮ ತೆಗದು ಅಲ್ಲೇ ಲೇಸರ್. ಆ ಚರ್ಮ ಮತ್ತ ಬೆಳಿಯೂ ತನಕ ಕಣ್ಣಿಗೆ ಬ್ಯಾಂಡೇಜ್ ಲೆನ್ಸ್ ಇಟ್ಟಿರತಾರ.

ಟೇಬಲ್ ಮ್ಯಾಲೆ ಏನೂ ಅನಸಲಿಲ್ಲ. ಮರುದಿನ ಶುರುವಾತು ನೋಡು. ಶಾಲಿಗೆ ಸೂಟಿ ಅಂತ ನಾ ಏಪ್ರಿಲ್ ಹಿಡಿದಿದ್ದೆ, ನಮ್ಮ ರಾಯಚೂರಿನ ಏಪ್ರಿಲ್! ಕಿಟಕಿಗೆ ದುಪ್ಪಡಿ ಕಟ್ಟಿ ಮಲಗಿದ್ರೂ ಬೆಳಕು ಚುಚ್ಚತಿತ್ತು. ಮೂರನೇ ದಿನ ಅವ್ವ ಮಂಡಾಳ ಒಗ್ಗರಣಿಗೆ ಹಸಿಮೆಣಸಿನಕಾಯಿ ಹಾಕಿದಳು. ಎರಡು ಖೋಲಿ ಆಚೆ ಮಲಗಿದಾಕಿ ಎದ್ದು ಕುಂತು ಅತ್ತೆ. ಅವ್ವ ಸೌಟು ಹಿಡಕೊಂಡು ಬಾಗಿಲದಾಗ ನಿಂತು ತಾನೂ ಅತ್ತಳು.

ಐದನೇ ದಿನ ಲೆನ್ಸ್ ತೆಗೆದ್ರು, ನೋವು ಹೋತು. ಬೋರ್ಡಿನ ಮ್ಯಾಲಿನ ಅಕ್ಷರ ಸಾಫ್ ಕಾಣಾಕ ತಿಂಗಳ ಮ್ಯಾಲಾತು. ಸ್ಟೀರಾಯ್ಡ್ ಡ್ರಾಪ್ಸ್ ಕೊಡತಾರ, ಅದರಿಂದ ಕಣ್ಣಿನ ಪ್ರೆಶರ್ ಏರಬಹುದು, ಹಂಗಾಗಿ ಚೆಕಪ್ ತಪ್ಪಿಸಬ್ಯಾಡ. ಬಿಸಿಲಿಗೆ ಕಾರ್ನಿಯಾದಾಗ ಮಬ್ಬು ಕೂಡೂ ಭಯ ಇರತದ, ತಂಪು ಕನ್ನಡಕ ಬೇಕೇ ಬೇಕು. ಪಿಆರ್‌ಕೆ ಆದ್ರ ಡಿಸೆಂಬರ್ ನೋಡಕೋ.

ಸಂಡೂರಿನಿಂದ:
ನಂದು ಲಾಸಿಕ್, ಆರು ವರ್ಷ ಆಯ್ತು. ಮರುದಿನ ಬೆಳಗ್ಗೆ ಮಲಗಿದಲ್ಲಿಂದಲೇ ಗೋಡೆ ಗಡಿಯಾರದ ಮುಳ್ಳು ಕಾಣ್ತು. ಆದ್ರೆ ರಾತ್ರಿ ಬೈಕ್ ಮೇಲೆ ಬರೋವಾಗ ಅದಿರಿನ ಲಾರಿ ಎದುರಾದ್ರೆ ಲೈಟಿನ ಸುತ್ತ ಬಳೆ ಬಳೆ ಕಾಣ್ತಿದ್ದವು, ಆರು ತಿಂಗಳಿಗೆ ಕಡಿಮೆ ಆದವು. ಕಣ್ಣು ಒಣಗೋದು ಮಾತ್ರ ಪೂರ್ತಿ ಹೋಗಿಲ್ಲ, ಜೇಬಲ್ಲಿ ಡ್ರಾಪ್ಸ್ ಈಗಲೂ ಐತೆ.

ಲೆಕ್ಕ ಬರೆಯೋನು ನೀನು, ಇದನ್ನ ನೀನೇ ಹಾಕಿ ನೋಡು. ಒಂದು ಪವರ್ ತೆಗೆಯೋಕೆ ಸುಮಾರು 15 ಮೈಕ್ರಾನ್ ಸವೆಸಬೇಕು. ನಿನ್ನ ಆರಕ್ಕೆ 90. ಎತ್ತೋ ಪದರ ಒಂದು 110. ಕಾರ್ನಿಯಾದ ದಪ್ಪದಲ್ಲಿ ಇವೆರಡೂ ಕಳೆದ ಮೇಲೆ ಅಡಿಯಲ್ಲಿ ಕಡೇಪಕ್ಷ 250 ಉಳೀಬೇಕು, ಇನ್ನೂ ಜಾಸ್ತಿ ಉಳಿದ್ರೆ ಒಳ್ಳೇದು. ಸ್ಮೈಲ್‌ನಲ್ಲಿ ಪದರ ಎತ್ತಲ್ಲ, ಒಳಗೇ ಸಣ್ಣ ಬಿಲ್ಲೆ ಕೊರೆದು ಎರಡು ಮೂರು ಮಿಲಿಮೀಟರ್ ಸೀಳಿನಿಂದ ಎಳೀತಾರೆ. ನರ ಕಡಿಮೆ ಕತ್ತರಿಸೋದ್ರಿಂದ ಒಣಗೋದೂ ಕಡಿಮೆ ಅಂತಾರೆ. ಕಬಡ್ಡಿ ಆಡ್ತೀಯಾದ್ರೆ ಲಾಸಿಕ್ ಬಿಡು, ಪೆಟ್ಟು ಬಿದ್ರೆ ಆ ಪದರ ಜರುಗಬಹುದು. ಇಲ್ಲಾಂದ್ರೆ ಬರೀ ಹೆಸರಿಗೆ ಡಬಲ್ ದುಡ್ಡು ಯಾಕೆ ಅಂತ ನನ್ನ ಅಭಿಪ್ರಾಯ.

ಕೊಪ್ಪಳದಿಂದ:
ನಂದು ಮೈನಸ್ ಹನ್ನೊಂದಿತ್ರಿ. ಲೇಸರ್ ಆಗೂದಿಲ್ಲ ಅಂದ್ರು, ಐಸಿಎಲ್ ಹಾಕಿಸಿದೆ. ಅದು ಕಾರ್ನಿಯಾ ಸವೆಸೂದಲ್ಲ, ಪಾಪೆಯ ಹಿಂದ ಒಂದು ಲೆನ್ಸ್ ಕೂಡ್ರಸತಾರ, ಬೇಕಾದ್ರ ತೆಗೀಬಹುದು. ರೊಕ್ಕ ಜಾಸ್ತಿ, ಒಳಗ ಜಾಗ ಐತೋ ಇಲ್ಲೋ ಅಳೀಬೇಕು. ಮುಂದ ಪೊರೆ ಬರ್ತೈತೇನು, ಪ್ರೆಶರ್ ಏರ್ತೈತೇನು ಅಂತ ವರ್ಷಾ ತೋರಿಸ್ಕೋತ ಇರಬೇಕು. ಐದೂವರೆ, ಆರಕ್ಕ ಡಾಕ್ಟರು ಮೊದಲಿಗೆ ಇದನ್ನ ಹೇಳಿದ್ರ ಯಾಕ್ರಿ ಅಂತ ಕೇಳ್ರಿ.

ಬಳ್ಳಾರಿಯಿಂದ:
ನನ್ನ ತಮ್ಮನಿಗೆ ಟೊಪೊಗ್ರಫಿ, ಅಂದ್ರೆ ಕಾರ್ನಿಯಾದ ಆಕಾರ ಅಳೆಯೋ ಟೆಸ್ಟ್, ಮಾಡಿದಾಗ ಕೆರಟೋಕೋನಸ್ ಶುರು ಆಗೈತೆ ಅಂತ ಗೊತ್ತಾಯ್ತು, ಅಂದ್ರೆ ಕಾರ್ನಿಯಾ ಚೂಪಾಗಿ ಉಬ್ಬೋದು. ಅವನಿಗೆ ಚಿಕ್ಕಂದಿನಿಂದ ಕಣ್ಣುಜ್ಜೋ ಚಟ. ಸುಮ್ನೆ ಲಾಸಿಕ್ ಮಾಡಿಸಿದ್ರೆ ಕಣ್ಣೇ ಕೆಡ್ತಿತ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದ್ರೆ ಒಂದೆರಡು ವಾರ ಮೊದಲೇ ನಿಲ್ಲಿಸಿ ಟೆಸ್ಟಿಗೆ ಹೋಗು, ಇಲ್ದಿದ್ರೆ ಅಳತೆ ತಪ್ಪು ಬರ್ತೈತೆ. ಪವರ್ ಒಂದು ವರ್ಷದಿಂದ ಬದಲಾಗಿಲ್ಲ ತಾನೇ?

ಗಂಗಾವತಿಯಿಂದ, ಮತ್ತ:
ಟೆಸ್ಟ್ ಮಾಡಿಸಿದೆ ಅಕ್ಕಾರ, ಅಣ್ಣಾರ. ಎರಡು ವರ್ಷದಿಂದ ಪವರ್ ಅಷ್ಟೇ ಐತಿ. ದಪ್ಪ 528, ಆಕಾರ ಸರಿ ಐತಿ. ಅಣ್ಣಾರ ಲೆಕ್ಕಕ್ಕ 328 ಉಳೀತೈತಿ. ಆಮ್ಯಾಲೆ ಕಣ್ಣೀರು ಎಷ್ಟು ಬರ್ತೈತಿ ಅಂತ ಅಳಿಯಾಕ ಕೆಳರೆಪ್ಪಿಗೆ ಒಂದು ಪೇಪರ್ ಪಟ್ಟಿ ಸಿಗಿಸಿ ಐದು ನಿಮಿಷ ಕುಂದ್ರಿಸಿದ್ರು. ಏಳು ಮಿಲಿಮೀಟರ್ ಅಷ್ಟೇ ತೊಯ್ದಿತ್ತು, ಹತ್ತರ ಮ್ಯಾಲೆ ಬೇಕಂತ. ಎರಡು ತಿಂಗಳು ಡ್ರಾಪ್ಸ್ ಹಾಕ್ಕೊಂಡು ಬಾ, ಲಾಸಿಕ್ಕೋ ಸ್ಮೈಲೋ ಆವಾಗ ನೋಡೂಣು ಅಂದ್ರು. ಮಿಲ್ಲಿನಾಗ ಎಲ್ಲಿ ಕುಂದರ್ತಿ ಅಂತ ಬ್ಯಾರೆ ಕೇಳಿದ್ರು. ತೌಡು ಬೀಳೂ ಕಡೆ ನನ್ನ ಟೇಬಲ್. ಕನ್ನಡಕ ಒರೆಸಿದ್ರ ದಿನಾ ಅಂಗಿ ತುದಿ ಹಳದಿ ಆಗ್ತಿತ್ತು. ನಾಳೆ ಮಾಲಕರಿಗೆ ಹೇಳಿ ಟೇಬಲ್ ಆಚೆ ಖೋಲಿಗೆ ಹಾಕಿಸ್ಕೋತೀನಿ.