ಸಹಾಯ ಬೇಕು: ನಮ್ಮ ಝೀನ್‌ಗೆ 'ಕರ್ನಾಟಕ ನಂದಿನಿ'ಯ ಹಳೆಯ ಸಂಚಿಕೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹಾಸ್ಟೆಲ್ ಹುಡುಗಿಯರು ನಾವು, ಸ್ತ್ರೀವಾದಿ ಝೀನ್ (ನಾವೇ ಮಾಡಿ ಹಂಚೋ ಪುಟ್ಟ ಪತ್ರಿಕೆ) ಒಂದನ್ನು ಮಾಡ್ತಿದ್ದೇವೆ. ಒಂದೇ ಎ4 ಹಾಳೆ, ನಡುವೆ ಒಂದು ಸೀಳು, ಮಡಚಿದರೆ ಎಂಟು ಪುಟ. ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ ಹಂಚೋದು. ಗೇಟಿಗೆ ಬೀಗ ಹಾಕೋ ಹೊತ್ತು, ಸಿಟಿ ಬಸ್ಸಿನ ಕಿರುಕುಳ, ಇನ್‌ಸ್ಟಾಗ್ರಾಂಗೆ ಬರೋ ಹೊಲಸು ಮೆಸೇಜು, ಎಲ್ಲ ಬರೆದಾಗಿದೆ. 2015ರಲ್ಲಿ ದೆಹಲಿ ವಿದ್ಯಾರ್ಥಿನಿಯರು ಶುರುಮಾಡಿದ 'ಪಿಂಜ್ರಾ ತೋಡ್' (ಪಂಜರ ಮುರಿ) ಅನ್ನೋ, ಹಾಸ್ಟೆಲ್ ಬೀಗದ ಹೊತ್ತಿನ ವಿರುದ್ಧದ ಚಳವಳಿ ಬಗ್ಗೆಯೂ ಒಂದು ಪುಟ ಇದೆ.

ಆದರೆ ಪಕ್ಕದ ನಂಜನಗೂಡಿನ ಲೇಖಕಿ ತಿರುಮಲಾಂಬಾ ಅವರನ್ನು ಬಿಡೋಕೆ ಮನಸ್ಸಿಲ್ಲ. ಬಾಲವಿಧವೆಯಾಗಿದ್ದೂ ಸುಮಾರು ನೂರು ವರ್ಷದ ಹಿಂದೆಯೇ ಹೆಂಗಸರಿಗಾಗಿ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದವರು! ಯಾರ ಮನೆಯಲ್ಲಾದರೂ ಅದರ ಸಂಚಿಕೆ ಇದ್ದರೆ ಮುಖಪುಟದ ಫೋಟೋ ಕಳಿಸ್ತೀರಾ? ಯಾವ ಲೈಬ್ರರಿಯಲ್ಲಿ ನೋಡಿದ್ದೀರಿ ಅಂತ ಹೇಳಿದರೂ ಸಾಕು, ನಾವೇ ಹೋಗ್ತೀವಿ.

ಇನ್ನೊಂದು: ಪೆನ್ಸಿಲ್ ಚಿತ್ರ ಜೆರಾಕ್ಸಲ್ಲಿ ಮಸುಕಾಗ್ತಿದೆ. ಯಾವ ಪೆನ್ ಒಳ್ಳೇದು, ಅಕ್ಕಂದಿರೇ?