ನಾನು ಓಡಿಸಿದರೆ ಸರ್ವರ್ ನಿಲ್ಲುತ್ತದೆ, ಕ್ರಾನ್ ಓಡಿಸಿದರೆ ನಿಲ್ಲುವುದಿಲ್ಲ

ನವನಗರ, ಬಾಗಲಕೋಟೆ:
ನಮಸ್ಕಾರ ರೀ. ಇಳಕಲ್‌ನಲ್ಲಿ ನಮ್ಮ ಮಾವನ ಸೀರೆ ಅಂಗಡಿ ಇದೆ. ಸ್ಟಾಕ್ ಲೆಕ್ಕಕ್ಕೆ ಅಂತ ಎಡಬ್ಲ್ಯುಎಸ್‌ನ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಮುಂಬೈ ರೀಜನ್‌ನಲ್ಲಿ, ಅಂದರೆ ಮುಂಬೈನ ಡೇಟಾ ಸೆಂಟರ್‌ಗಳಲ್ಲಿ, ಒಂದು ಸಣ್ಣ ಸರ್ವರ್ ಹಾಕಿಕೊಟ್ಟಿದ್ದೇನೆ. ಅಂಗಡಿ ಮುಚ್ಚಿದ ಮೇಲೆ ಅದು ಸುಮ್ನೆ ಯಾಕೆ ಓಡಬೇಕು ಅಲ್ವಾ? ರಾತ್ರಿ 9ಕ್ಕೆ ಸ್ಟಾಪ್, ಬೆಳಿಗ್ಗೆ 9ಕ್ಕೆ ಸ್ಟಾರ್ಟ್ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಮನೆಯ ಹಳೇ ಉಬುಂಟು ಲ್ಯಾಪ್‌ಟಾಪ್‌ನ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಂ) ಸೇರಿಸಿದೆ.

ಟರ್ಮಿನಲ್‌ನಲ್ಲಿ ನಾನೇ ಓಡಿಸಿದರೆ ಸರ್ವರ್ ನಿಲ್ಲುತ್ತದೆ. ಕ್ರಾನ್ ಓಡಿಸಿದರೆ ಇಲ್ಲ. ಎರರ್ ಕೂಡ ಕಾಣುವುದಿಲ್ಲ. ಕಮಾಂಡಿನ ಪೂರ್ತಿ ಪಾತ್ ಕೊಟ್ಟಿದ್ದೇನೆ, ಅದಲ್ಲ ತೊಂದರೆ. ರೀಜನ್ ಅನ್ನು ಬ್ಯಾಶ್‌ಆರ್‌ಸಿ (ಟರ್ಮಿನಲ್ ತೆರೆದಾಗ ಓದುವ ಸೆಟ್ಟಿಂಗ್) ಫೈಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೇನೆ. ತಿಂಗಳ ಬಿಲ್ ನೋಡಿ ಮಾವ, "ಇದಕ್ಕಿಂತ ನನ್ನ ಕೆಂಪು ವಹಿನೇ ಚಲೋ ಇತ್ತು" ಅಂದರು.

ಟಿಳಕವಾಡಿ, ಬೆಳಗಾವಿ:
ಉತ್ತರ ನೀವೇ ಬರೆದಿದ್ದೀರಿ ನೋಡ್ರಿ. ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿ ಓದುವುದಿಲ್ಲ. ಆಗ ಎಡಬ್ಲ್ಯುಎಸ್ ಕಮಾಂಡಿನ ಕಾನ್ಫಿಗ್ ಫೈಲಿನಲ್ಲಿ ಏನಿದೆಯೋ ಅದೇ ಗತಿ. ಕ್ರಾನ್ ಸಾಲಿನ ಕೊನೆಗೆ ಡೆವ್ ನಲ್ (ಬಂದ ಸಂದೇಶವನ್ನೆಲ್ಲ ನುಂಗುವ ಜಾಗ) ಹಾಕಿದ್ದೀರಿ ಅನಿಸುತ್ತದೆ. ಅದನ್ನು ತೆಗೆದು ಲಾಗ್ ಫೈಲಿಗೆ ಬರೆಸಿ. ಸ್ಕ್ರಿಪ್ಟ್‌ನ ಮೇಲ್ಗಡೆ 'ಎಡಬ್ಲ್ಯುಎಸ್ ಕಾನ್ಫಿಗರ್ ಲಿಸ್ಟ್' ಸೇರಿಸಿ. ಲಾಗಿನ್ ಕೀ, ರೀಜನ್ ಯಾವುದು ಎಲ್ಲಿಂದ ಬಂತು ಅಂತ ಅದೇ ಹೇಳುತ್ತದೆ.

ನವನಗರ, ಬಾಗಲಕೋಟೆ:
ಸಿಕ್ಕಿತು ರೀ! ಲಾಗ್‌ನಲ್ಲಿ ಯುಎಸ್-ಈಸ್ಟ್-1, ಅಂದರೆ ವರ್ಜಿನಿಯಾ ರೀಜನ್ ಇದೆ. ಹಿಂದೆ ಕಲಿಯುವಾಗ ಅದನ್ನೇ ಇಟ್ಟಿದ್ದೆ, ಮರೆತೇಬಿಟ್ಟಿದ್ದೆ. ಇಳಕಲ್ ಅಂಗಡಿಯ ಸರ್ವರನ್ನು ದಿನಾ ರಾತ್ರಿ ಅಮೆರಿಕದಲ್ಲಿ ಹುಡುಕಿ, ಅಂಥ ಐಡಿ ಇಲ್ಲ ಅಂತ ಹೇಳುತ್ತಿತ್ತು ಪಾಪ. ಕೇಳಿಸಿಕೊಳ್ಳದ ಹಾಗೆ ಮಾಡಿದವನು ನಾನೇ. ಕಾನ್ಫಿಗ್ ಫೈಲಿನಲ್ಲಿ ಎಪಿ-ಸೌತ್-1 (ಮುಂಬೈ) ಅಂತ ಬದಲಿಸಲೇ?

ಟಿಳಕವಾಡಿ, ಬೆಳಗಾವಿ:
ಬದಲಿಸಿ, ಆದರೆ ಅದನ್ನೇ ನಂಬಬೇಡಿ. ಸ್ಕ್ರಿಪ್ಟ್‌ನ ಕಮಾಂಡಿನಲ್ಲೇ ರೀಜನ್ ಬರೆಯಿರಿ. ಅಲ್ಲಿ ಕೊಟ್ಟಿದ್ದು ಎನ್ವಿರಾನ್ಮೆಂಟ್ ವೇರಿಯಬಲ್‌ಗಿಂತ (ನೀವು ಎಕ್ಸ್‌ಪೋರ್ಟ್ ಮಾಡಿದ್ದು), ಕಾನ್ಫಿಗ್ ಫೈಲಿಗಿಂತ ಮೇಲು. ನಾಳೆ ಲ್ಯಾಪ್‌ಟಾಪ್ ಬದಲಾದರೂ ತಲೆನೋವಿಲ್ಲ.

ವಿಜಯಪುರದಿಂದ:
ನನ್ನದೂ ಒಂದು ಮಾತು. ಸರ್ವರ್ ಸ್ಟಾಪ್ ಆದರೂ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಸರ್ವರಿನ ಇಂಟರ್ನೆಟ್ ವಿಳಾಸ ಬದಲಾಗಬಾರದು ಅಂತ ಎಲಾಸ್ಟಿಕ್ ಐಪಿ ತೆಗೆದುಕೊಂಡಿದ್ದೀರಾ? ಸರ್ವರ್ ಓಡಲಿ ಬಿಡಲಿ, ಅದಕ್ಕೆ ಗಂಟೆಗೆ 0.005 ಡಾಲರ್. 2024ರ ಫೆಬ್ರುವರಿಯಿಂದ ಎಲ್ಲ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಹೀಗೇ. 30 ದಿನಕ್ಕೆ 3.60 ಡಾಲರ್ ಆಯಿತು.

ನವನಗರ, ಬಾಗಲಕೋಟೆ:
ತೆಗೆದುಕೊಂಡಿದ್ದೇನೆ ರೀ. ಭಾನುವಾರ ಇಳಕಲ್‌ಗೆ ಹೋಗುತ್ತೇನೆ. ಊಟ ಆದ ಮೇಲೆ ಮಾವನಿಗೆ ಹೇಳುತ್ತೇನೆ, ಮೊದಲೇ ಬೇಡ.