ಹಾಸಿಗೆ ಹಿಡಿದವರಿಗೆ ತಲೆ ಮತ್ತು ಮೈಯ ಆಸರೆಗೆ ದಿಂಬು: ಆಕಾರ, ಫೋಮ್, ಹೊದಿಕೆ ಹೇಗಿರಬೇಕು?

ಪ್ರಶ್ನೆ: ಕುಶನ್ ಕೆಲಸದವರು, ಕುಶಾಲನಗರ

ಸೋಫಾ ಮತ್ತು ಹಾಸಿಗೆಗಳಿಗೆ ಕುಶನ್ ಹೊಲಿಯುವುದು ನನ್ನ ಕಸುಬು. ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿರುವ ನನ್ನ ಸೋದರಮಾವನವರಿಗೆ ತಲೆ, ಬೆನ್ನು ಮತ್ತು ಕಾಲುಗಳಿಗೆ ಆಸರೆಯಾಗುವ ದಿಂಬುಗಳನ್ನು ನಾನೇ ಹೊಲಿದುಕೊಡಬೇಕೆಂದಿದ್ದೇನೆ. ನಡುವೆ ತೂತಿರುವ ಉಂಗುರದಂಥ ದಿಂಬನ್ನು ತಲೆಯ ಕೆಳಗೂ ಸೊಂಟದ ಕೆಳಗೂ ಇಡಿ ಎಂದು ಕೆಲವರು ಹೇಳುತ್ತಾರೆ. ಮೆಮೊರಿ ಫೋಮೇ ಸರಿ ಎನ್ನುವವರೂ ಇದ್ದಾರೆ. ಮಾವನವರ ಮನೆ ಮಾದಾಪುರದ ಕಡೆ. ಅಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ, ಅರಳೆ ತುಂಬಿದ ದಿಂಬು ಒಮ್ಮೆ ನೆನೆದರೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಯಾವ ಆಕಾರದಲ್ಲಿ, ಯಾವ ಫೋಮಿನಲ್ಲಿ, ಎಂಥ ಬಟ್ಟೆಯಲ್ಲಿ ಮಾಡಲಿ?

ಉತ್ತರ 1: ಶುಶ್ರೂಷಕಿ, ಮಡಿಕೇರಿ

ಅಣ್ಣ, ಉಂಗುರದ ದಿಂಬನ್ನು ದಯವಿಟ್ಟು ಮಾಡಬೇಡಿ. ತೂತಿನ ಸುತ್ತಲಿನ ಅಂಚಿನ ಮೇಲೆಯೇ ಭಾರವೆಲ್ಲ ಬಿದ್ದು, ನಡುವಿನ ಚರ್ಮಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ; ಹಾಸಿಗೆ ಹುಣ್ಣಿನ ಕುರಿತ 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನು ಬಳಸಬಾರದೆಂದೇ ಹೇಳುತ್ತದೆ. ಅಂಗಾತ ಮಲಗಿದವರಿಗೆ ಹುಣ್ಣಾಗುವುದು ಹೆಚ್ಚಾಗಿ ಹಿಂದಲೆ, ಹೆಗಲ ಮೂಳೆ, ಮೊಣಕೈ, ಬೆನ್ನಿನ ಬುಡ ಮತ್ತು ಹಿಮ್ಮಡಿಗಳಲ್ಲಿ. ದಿಂಬಿನ ಕೆಲಸ ಬರಿಯ ಮೆತ್ತಗಿರುವುದಲ್ಲ, ಆ ಮೂಳೆಗಳ ಮೇಲಿನ ಭಾರವನ್ನು ಸುತ್ತಲಿನ ಮಾಂಸಲ ಭಾಗಕ್ಕೆ ಹಂಚುವುದು.

ಮೊದಲು ಕಾಲಿನ ದಿಂಬಿನಿಂದ ಶುರು ಮಾಡಿ. ಹಿಮ್ಮಡಿಯ ಕೆಳಗೆ ಎಷ್ಟು ಮೆತ್ತನೆಯದನ್ನು ಇಟ್ಟರೂ ಸಾಲದು, ಹಿಮ್ಮಡಿ ಯಾವುದಕ್ಕೂ ತಾಗದೆ ಗಾಳಿಯಲ್ಲಿರಬೇಕು. ಅದಕ್ಕಾಗಿ ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಗೆ ಸ್ವಲ್ಪ ಮೇಲಿನವರೆಗೆ ಮೀನಖಂಡವನ್ನು ಪೂರ್ತಿ ಹೊರುವಷ್ಟು ಉದ್ದದ ದಿಂಬು ಬೇಕು. ಮೊಣಕಾಲು ತುಸುವೇ ಮಡಿಸಿದಂತಿರಲಿ. ಮೊಣಕಾಲ ಹಿಂಬದಿಗೆ ಮಾತ್ರ ಒಂದು ಉರುಟು ದಿಂಬು ತುರುಕುವ ರೂಢಿ ಅನೇಕ ಮನೆಗಳಲ್ಲಿದೆ. ಅದರಿಂದ ಅಲ್ಲಿನ ರಕ್ತನಾಳ ಒತ್ತಿಹೋಗುತ್ತದೆ, ಕಾಲಕ್ರಮೇಣ ಮೊಣಕಾಲು ಮಡಿಸಿದಲ್ಲೇ ಬಿಗಿದುಕೊಳ್ಳುತ್ತದೆ.

ಎಂಥ ದಿಂಬೇ ಆದರೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ಉತ್ತರ 2: ಫಿಸಿಯೋಥೆರಪಿಸ್ಟ್, ವಿರಾಜಪೇಟೆ

ಮಗ್ಗುಲು ಬದಲಿಸುವುದೆಂದರೆ ಪೂರ್ತಿ ಒಂದು ಪಕ್ಕೆಗೆ ಹೊರಳಿಸಿ ಬಿಡುವುದಲ್ಲ ಎಂಬುದನ್ನು ಸೇರಿಸಬೇಕಾಗಿದೆ, ಏಕೆಂದರೆ ಹಾಗೆ ಮಾಡಿದಾಗ ತೊಡೆಯ ಪಕ್ಕದ ಮೂಳೆಯೊಂದೇ ಸೊಂಟದ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಮೈ ಹಾಸಿಗೆಯಿಂದ ಸುಮಾರು 30 ಡಿಗ್ರಿಯಷ್ಟೇ ಓರೆಯಾದರೆ ಭಾರವು ಪೃಷ್ಠದ ಮಾಂಸದ ಮೇಲೆ ಬಿದ್ದು, ಬೆನ್ನಿನ ಬುಡವೂ ತೊಡೆಯ ಮೂಳೆಯೂ ಎರಡೂ ಪಾರಾಗುತ್ತವೆ. ಇದಕ್ಕೆ ನೀವು ಮಾಡಬೇಕಾದದ್ದು ಹೆಗಲಿನಿಂದ ಸೊಂಟದವರೆಗೆ ಉದ್ದವಿರುವ, ಆಪಿನ (ಒಂದು ಬದಿ ಎತ್ತರ, ಇನ್ನೊಂದು ಬದಿಗೆ ಇಳಿಜಾರಿರುವ ಬೆಣೆಯ) ಆಕಾರದ ದಿಂಬು. ತಳದ ಅಗಲ 30 ಸೆಂಟಿಮೀಟರ್ ಇಟ್ಟರೆ ಹಿಂಬದಿಯ ಎತ್ತರ ಸುಮಾರು 17 ಸೆಂಟಿಮೀಟರ್ ಬರುತ್ತದೆ, ಮೈಭಾರಕ್ಕೆ ಫೋಮ್ ತಗ್ಗುವುದನ್ನು ಲೆಕ್ಕ ಹಿಡಿದು ತುಸು ಹೆಚ್ಚಿಗೆ ಕೊಡಿ.

ತಲೆಯ ದಿಂಬು ಎತ್ತರವಾಗಿ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿಗೂ ನುಂಗುವುದಕ್ಕೂ ತೊಂದರೆ. ಕತ್ತಿನ ಬಳುಕಿನ ಕೆಳಗೆ ಆಸರೆಯಿರಲಿ, ಹೆಗಲ ಮೇಲ್ಭಾಗವೂ ದಿಂಬಿನ ಮೇಲೆ ಸ್ವಲ್ಪ ಬರಲಿ. ಎಡತೋಳಿಗೆ ಬೇರೆಯೇ ಒಂದು ಚಪ್ಪಟೆ ದಿಂಬು ಬೇಕು. ಪಾರ್ಶ್ವವಾಯುವಾದ ತೋಳಿನ ಹೆಗಲ ಕೀಲು ಸಡಿಲವಾಗಿರುವುದರಿಂದ, ಹೆಗಲಿನಿಂದ ಬೆರಳಿನ ತುದಿಯವರೆಗೆ ಇಡೀ ತೋಳು ಅದರ ಮೇಲೆ ಕೂರಬೇಕು, ಮಣಿಕಟ್ಟು ಜೋತುಬೀಳುವಂತಿರಬಾರದು.

ಉತ್ತರ 3: ಹಾಸಿಗೆ ವ್ಯಾಪಾರಿ, ಸೋಮವಾರಪೇಟೆ

ಮೆಮೊರಿ ಫೋಮ್ 1966ರಲ್ಲಿ ನಾಸಾದ ವಿಮಾನ ಆಸನಗಳಿಗಾಗಿ ಹುಟ್ಟಿದ ವಸ್ತು. ಮೈಯ ಬಿಸಿಗೆ ಮೆತ್ತಗಾಗುವುದು ಅದರ ಗುಣ, ಚಳಿಗೆ ಗಟ್ಟಿಯಾಗುವುದೂ ಅದರ ಗುಣವೇ. ನಮ್ಮ ಕಡೆಯ ಜನವರಿಯ ಚಳಿಯಲ್ಲಿ ಬೆಳಗಿನ ಜಾವ ಅದನ್ನು ಒತ್ತಿ ನೋಡಿದರೆ ನಿಮಗೇ ತಿಳಿಯುತ್ತದೆ. ಆದ್ದರಿಂದ ಆಪಿನ ದಿಂಬಿಗೆ 40 ಡೆನ್ಸಿಟಿಯ ಸಾಧಾರಣ ಪಿಯು (ಪಾಲಿಯುರೆಥೇನ್) ಫೋಮ್ ಬಳಸಿ, ಬೇಕಿದ್ದರೆ ಮೇಲೊಂದು ತೆಳು ಪದರ ಮಾತ್ರ ಮೆಮೊರಿ ಫೋಮ್ ಹಾಕಿ. ಡೆನ್ಸಿಟಿ ಎಂದರೆ ಒಂದು ಘನ ಮೀಟರಿನ ತೂಕವೇ ಹೊರತು ಗಟ್ಟಿತನವಲ್ಲ, ಹಾಗಾಗಿ ಕೊಳ್ಳುವಾಗ ಎರಡನ್ನೂ ಬೇರೆಬೇರೆಯಾಗಿ ಕೇಳಿ.

ರೆಕ್ಸಿನ್ ಬೇಡ, ಅದು ಬೆವರನ್ನು ಹಿಡಿದಿಡುತ್ತದೆ. ಒಳಹೊದಿಕೆಗೆ ಪಿಯು ಲೇಪನದ, ಎಳೆದರೆ ಹಿಗ್ಗುವ ಬಟ್ಟೆ ಹಾಕಿದರೆ ಮೂತ್ರ, ಬೆವರು ಫೋಮಿಗೆ ಇಳಿಯುವುದಿಲ್ಲ, ಒರೆಸಿದರೆ ಸಾಕು. ಮೇಲುಹೊದಿಕೆ ತೆಳು ಹತ್ತಿಯದಿರಲಿ. ಮಳೆಗಾಲಕ್ಕೆ ಒಂದೊಂದು ದಿಂಬಿಗೆ ಕಡಿಮೆಯೆಂದರೂ ಮೂರು ಬೇಕು. ಸೋಫಾಕ್ಕೆ ಅಂದ ಕೊಡುವ ಪೈಪಿಂಗ್ (ಅಂಚಿಗೆ ಹೊಲಿಯುವ ಉಬ್ಬುಪಟ್ಟಿ) ಇಲ್ಲಿ ಚರ್ಮಕ್ಕೆ ಶತ್ರು. ಹೊಲಿಗೆಯೂ ಜಿಪ್ಪೂ ಮೈಗೆ ತಾಗದ ಕೆಳಬದಿಗೇ ಬರಲಿ. ಒದ್ದೆ ಹೊದಿಕೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಕೊಳ್ಳಬಹುದು. ಫೋಮನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಬೇಡಿ, ಅದು ಬೇಗ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಾಲಿನದನ್ನೂ ಆಪಿನ ದಿಂಬನ್ನೂ ಮೊದಲು ಕತ್ತರಿಸುತ್ತೇನೆ. ಫೋಮಿನ ದಪ್ಪ ಸಾಕೋ ಇಲ್ಲವೋ ಎಂದು ಮಾವನವರು ಮಲಗಿದ ಮೇಲೆ ತಿಳಿಯುವುದು ಹೇಗೆ?

ಉತ್ತರ 1: ಶುಶ್ರೂಷಕಿ, ಮಡಿಕೇರಿ

ಅವರು ಮಲಗಿರುವಾಗ ದಿಂಬಿನ ಅಡಿಗೆ ಅಂಗೈ ಮೇಲಾಗಿ ಕೈ ತೂರಿಸಿ. ಮೂಳೆಗೂ ನಿಮ್ಮ ಕೈಗೂ ನಡುವೆ ಸುಮಾರು 2.5 ಸೆಂಟಿಮೀಟರಿನಷ್ಟು ಅದುಮದ ಫೋಮ್ ಉಳಿದಿರಬೇಕು. ಮೂಳೆಯೇ ಕೈಗೆ ತಾಗಿದರೆ ದಪ್ಪ ಸಾಲದು. ಮಗ್ಗುಲು ಬದಲಿಸಿದಾಗ ಚರ್ಮವನ್ನೂ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಒಮ್ಮೆ ಬಿಳಚಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆಯೆಂದು ಅರ್ಥ. ಒತ್ತಿದರೂ ಬಿಳಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ. ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ಅದೇ ದಿನ ವೈದ್ಯರಿಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದಿರಬಹುದು, ಅಲ್ಲಿ ಬಿಸಿ, ಬಾವು ಅಥವಾ ಗಡಸುತನವಿದೆಯೇ ಎಂದು ಮುಟ್ಟಿ ನೋಡಬೇಕು.